ಅತ್ತೆಯ ಮುಂದೆ ಇಂಗ್ಲಿಷಿನಲ್ಲಿ ಕೊಟ್ಟ ಚೀಟಿ

ನಾನು ಹುಟ್ಟಾ ಅಂಜುಬುರುಕಿ. ಹೊತ್ತಲ್ಲದ ಹೊತ್ತಿಗೆ ಫೋನು ಬಡಿದುಕೊಂಡರೆ ಮೊದಲು ಮನೆದೇವರ ಹೆಸರು ಹೇಳಿ ಆಮೇಲೆ ಎತ್ತುತ್ತೇನೆ. ಮದುವೆಯಾಗಿ ನ್ಯಾಮತಿಗೆ ಬಂದು ಇಪ್ಪತ್ತು ವರ್ಷ ದಾಟಿದೆ, ಕೊಳೆತ ಟೊಮೆಟೊವನ್ನು ಅಂಗಡಿಯವನಿಗೆ ವಾಪಸು ಕೊಡಲು ಇವತ್ತಿಗೂ ನನಗೆ ಬಾಯಿ ಬರುವುದಿಲ್ಲ. ಇಂಥವಳು ಒಂದು ಸಲ ಹೇಳಲೇಬೇಕಾದ ಮಾತನ್ನು ಕೇಳಬೇಕಾದವರಿಗೆ ಮುಟ್ಟಿಸಿದೆ. ಬಾಯಲ್ಲಿ ಅಲ್ಲ, ಕಾಗದದ ಮೇಲೆ, ಅದೂ ಇಂಗ್ಲಿಷಿನಲ್ಲಿ. ಆ ಇಂಗ್ಲಿಷು ನನಗೆ ಬಂದದ್ದು ಜಗಳೂರಿನ ಕನ್ನಡ ಶಾಲೆಯ ಶನಿವಾರದ ಒಂದು ಪೀರಿಯಡ್ಡಿನಿಂದ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ಕಾಲಕ್ಕೆ ಇಂಗ್ಲಿಷು ಶುರುವಾಗುತ್ತಿದ್ದದ್ದು ಐದನೇ ಕ್ಲಾಸಿಗೆ. ನಾಲ್ಕು ಗೆರೆಯ ಕಾಪಿ ಪುಸ್ತಕದಲ್ಲಿ ಅಕ್ಷರ ತಿದ್ದುವಷ್ಟರಲ್ಲಿ ಆ ವರ್ಷ ಮುಗಿಯುತ್ತಿತ್ತು. ಆರನೇ ಕ್ಲಾಸಿಗೆ ರಜಾ ಅರ್ಜಿ. ಅದೊಂದನ್ನು ಮಾತ್ರ ಇಡೀ ಶಾಲೆ ಬಾಯಿಪಾಠ ಮಾಡಿತ್ತು. ಆ ಅರ್ಜಿಯಲ್ಲಿ ಇದ್ದ ಕಾರಣ ಒಂದೇ, ಜ್ವರ. ಅಕ್ಕನ ಮದುವೆಗೆ ಹೋದವಳಿಗೂ ಜ್ವರ, ಶೇಂಗಾ ಬಿಡಿಸಲು ಹೊಲಕ್ಕೆ ಹೋದವಳಿಗೂ ಜ್ವರ. ಬೇರೆ ಕಾರಣ ಬರೆಯುವಷ್ಟು ಇಂಗ್ಲಿಷು ಯಾರಿಗೂ ಇರಲಿಲ್ಲ. ಮೇಷ್ಟ್ರುಗಳೂ ಕೇಳುತ್ತಿರಲಿಲ್ಲ, ಸಹಿ ಹಾಕಿ ಮೊಳೆಗೆ ಚುಚ್ಚುತ್ತಿದ್ದರು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಚನ್ನಗಿರಿಯಿಂದ ವರ್ಗವಾಗಿ ಒಬ್ಬ ಮೇಡಂ ಬಂದರು. ಸಣ್ಣ ಆಳು, ಸಣ್ಣ ದನಿ. ಅವರು ಬಂದ ತಿಂಗಳಲ್ಲೇ ನಾನು ನಾಲ್ಕು ದಿನ ಶಾಲೆ ತಪ್ಪಿಸಿದ್ದೆ. ಕಾರಣ ಹೇಳಲು ಈಗ ನಗು ಬರುತ್ತದೆ, ಆಗ ಬಂದಿರಲಿಲ್ಲ. ನಲ್ಲಿಯ ಸರದಿಯಲ್ಲಿ ಮುಂದಿನ ಬೀದಿಯ ದೊಡ್ಡಮ್ಮನೊಬ್ಬರು ಮಣ್ಣಿನ ಗಡಿಗೆ ಇಟ್ಟು ಒಳಗೆ ಹೋಗಿದ್ದರು. ನನ್ನ ಕೊಡ ತಗುಲಿ ಅದು ಒಡೆಯಿತು. ಯಾರೂ ನೋಡಲಿಲ್ಲ. ಓಡಿಬಂದೆ. ಆ ದೊಡ್ಡಮ್ಮ ಬೈಗುಳಕ್ಕೆ ಹೆಸರಾದವರು, ಶಾಲೆಗೆ ಹೋಗುವ ದಾರಿ ಅವರ ಬಾಗಿಲ ಮುಂದೆಯೇ. ಹೊಟ್ಟೆನೋವು ಎಂದು ಅವ್ವನಿಗೆ ಹೇಳಿ ನಾಲ್ಕು ದಿನ ಮನೆಯಲ್ಲೇ ಮಲಗಿದೆ. ಐದನೇ ದಿನ ಬೇರೆ ದಾರಿ ಸುತ್ತಿ ಹೋಗಿ ಅರ್ಜಿ ಕೊಟ್ಟೆ. ಜ್ವರ ಎಂದೇ ಬರೆದಿದ್ದೆ.

ಮೇಡಂ ಅದನ್ನು ಓದಿದರು. "ಜ್ವರ ಬಂದಿತ್ತೇನೆ?"

"ಹೂಂ ಮೇಡಂ."

"ಈ ವಾರ ಈ ಕ್ಲಾಸಿನಾಗೆ ಒಂಬತ್ತು ಜನಕ್ಕೆ ಜ್ವರ ಬಂದೈತೆ. ಆಸ್ಪತ್ರೆಯೋರನ್ನ ಕರೆಸ್ಲೇನು, ಊರಿಗೆಲ್ಲ ಸೂಜಿ ಚುಚ್ಚಾಕೆ?"

ಕ್ಲಾಸು ನಕ್ಕಿತು. ಒಂಬತ್ತು ಜನ ನಗಲಿಲ್ಲ.

ಅವರು ಯಾರಿಗೂ ಹೊಡೆಯಲಿಲ್ಲ. ಆ ಶನಿವಾರ ಡ್ರಿಲ್ಲು ಮುಗಿದ ಮೇಲೆ ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟು, ಈ ವಾರ ನಿಮಗೆ ನಿಜವಾಗಿ ಏನಾಯಿತೋ ಅದನ್ನು ಇಂಗ್ಲಿಷಿನಲ್ಲಿ ಐದು ಸಾಲು ಬರೆಯಿರಿ ಎಂದರು. ಬಾರದ ಮಾತಿಗೆ ಕನ್ನಡ ಹಾಕಿ, ತಪ್ಪಾದರೂ ಚಿಂತೆಯಿಲ್ಲ, ಆದರೆ ಮೊದಲು ಆದದ್ದನ್ನು ಮೊದಲು ಬರೆಯಿರಿ, ಆಮೇಲೆ ಆದದ್ದನ್ನು ಆಮೇಲೆ ಬರೆಯಿರಿ. ಹಾಳೆಯಲ್ಲಿ ಇರುವುದು ನನಗೂ ನಿಮಗೂ ಮಾತ್ರ, ಬೇರೆ ಯಾರಿಗೂ ತೋರಿಸುವುದಿಲ್ಲ. ಇಷ್ಟೇ ಅವರ ಕಾಯಿದೆ.

ನಾನು ಬಹಳ ಹೊತ್ತು ಪೆನ್ಸಿಲ್ಲು ಕಚ್ಚುತ್ತ ಕೂತೆ. ಕನ್ನಡದಲ್ಲಿ ಆ ಮಾತನ್ನು ಅವ್ವನಿಗೂ ಹೇಳಿರಲಿಲ್ಲ. ಇಂಗ್ಲಿಷಿನಲ್ಲಿ ಬರೆದೆ. ನಾನು ಒಂದು ಗಡಿಗೆ ಒಡೆದೆ. ಅದು ನನ್ನ ಗಡಿಗೆ ಅಲ್ಲ. ನಾನು ಓಡಿದೆ. ನನಗೆ ಆ ದೊಡ್ಡಮ್ಮನ ಭಯ. ಐದನೇ ಸಾಲು ಹುಟ್ಟಲಿಲ್ಲ. ನನ್ನ ಮಾತಲ್ಲದ ಮಾತಿನಲ್ಲಿ ಬರೆದದ್ದಕ್ಕೋ ಏನೋ, ಬೇರೆ ಯಾವ ಹುಡುಗಿಗೋ ಆದದ್ದರಂತೆ ಕಂಡಿತು, ಅವಳ ಬಗ್ಗೆ ನನಗೇ ಅಯ್ಯೋ ಅನ್ನಿಸಿತು. ಮೇಡಂ ಹಾಳೆಯ ಮೇಲೆ ಕೆಂಪು ಶಾಯಿ ಆಡಿಸಲಿಲ್ಲ. ಕೆಳಗೆ ಪೆನ್ಸಿಲ್ಲಿನಲ್ಲಿ, ಆಮೇಲೆ ಏನಾಯಿತು, ಎಂದು ಮಾತ್ರ ಕೇಳಿದ್ದರು.

ಆಮೇಲೆ ಏನೂ ಆಗಿರಲಿಲ್ಲ. ಆಗುವಂತೆ ನಾನೇ ಮಾಡಬೇಕಿತ್ತು. ಸೋಮವಾರ ಆ ಮನೆಯ ಬಾಗಿಲಿಗೆ ಹೋಗಿ, ಹಾಳೆಯಲ್ಲಿದ್ದಷ್ಟನ್ನೇ ಕನ್ನಡದಲ್ಲಿ ಒಪ್ಪಿಸಿದೆ. ದೊಡ್ಡಮ್ಮ ಮೊರ ಕೆಳಗಿಟ್ಟರು.

"ನೀನೇನೇ ಒಡ್ದಿದ್ದು? ಒಂದ್ ವಾರದಿಂದ ನನ್ನ ಸೊಸೆ ಜೀವ ತಿಂದೀನಲ್ಲೇ ನಾನು." ಒಳಕ್ಕೆ ತಿರುಗಿ, "ಏ, ಕೇಳಿಸ್ತೇನು? ನೀನಲ್ವಂತೆ," ಎಂದರು.

"ನಾನು ಹೇಳಿದ್ದು ಯಾರು ಕೇಳ್ತಾರ್ರೀ ಈ ಮನ್ಯಾಗೆ," ಎಂದು ಒಳಗಿನಿಂದ ಸೊಸೆಯ ದನಿ ಬಂತು.

ನನಗೆ ಏಟು ಬೀಳಲಿಲ್ಲ, ಅದು ದೇವರ ದಯೆ. ಆದರೆ ನಾನು ಬಾಯಿ ಮುಚ್ಚಿಕೊಂಡ ಅಷ್ಟೂ ದಿನ ಇನ್ನೊಬ್ಬಳ ತಲೆಯ ಮೇಲೆ ಬಿದ್ದಿತ್ತು ಎಂಬುದು ಆ ಬಾಗಿಲಲ್ಲಿ ತಿಳಿಯಿತು.

ಹತ್ತನೇ ಕ್ಲಾಸಿನವರೆಗೆ ಆ ಶನಿವಾರಗಳು ನಡೆದವು. ಇಂಗ್ಲಿಷು ಮಾತಾಡಲು ನನಗೆ ಕಡೆಗೂ ಬರಲಿಲ್ಲ, ನಾಲಿಗೆ ಅಂಟಿಕೊಳ್ಳುತ್ತಿತ್ತು. ಬರೆಯಲು ಬಂತು. ಸಣ್ಣ ಸಾಲು, ಆದದ್ದು ಆದ ಹಾಗೆ. ಅದರಿಂದ ನಾನು ಕೆಲಸಕ್ಕೆ ಸೇರಲಿಲ್ಲ, ಪಿಯುಸಿ ಮುಗಿಸಿ ಮದುವೆಯಾದೆ. ನ್ಯಾಮತಿಯ ನಮ್ಮ ಬೀದಿಯಲ್ಲಿ ಯಾರಿಗಾದರೂ ಇಂಗ್ಲಿಷಿನ ಫಾರಂ ಬಂದರೆ ನನ್ನ ಹತ್ತಿರ ತರುತ್ತಾರೆ, ಒಲೆಯ ಮೇಲೆ ಸಾರು ಕುದಿಯುತ್ತಿರುವಾಗಲೇ ತುಂಬಿಕೊಡುತ್ತೇನೆ. ಮಗಳಿಗೂ ಶನಿವಾರ ಐದು ಸಾಲು ಬರೆಸುತ್ತೇನೆ, ಗೊಣಗುತ್ತಾಳೆ, ಬರೆಯುತ್ತಾಳೆ. ಇಷ್ಟಕ್ಕೇ ಅದರ ಉಪಯೋಗ ಮುಗಿಯಿತು ಎಂದುಕೊಂಡಿದ್ದೆ.

ನನ್ನ ಗಂಡನಿಗೆ ಸುಟ್ಟುಹೋದ ಮೋಟಾರಿಗೆ ತಂತಿ ಸುತ್ತಿಕೊಡುವ ಅಂಗಡಿ. ಕೆಲವು ವರ್ಷದ ಹಿಂದೆ ಒಂದು ದಿನ ಊಟಕ್ಕೆ ಬಂದವರ ಕಣ್ಣು ಹಳದಿಯಾಗಿ ಕಂಡಿತು. ಹೊನ್ನಾಳಿಗೆ ಕರೆದುಕೊಂಡು ಹೋದೆವು. ಅಲ್ಲಿಯ ಡಾಕ್ಟರು ರಕ್ತ ನೋಡಿ ಕಾಮಾಲೆ ಎಂದರು, ಮಾತ್ರೆ ಬರೆದುಕೊಟ್ಟರು, ಮಲಗಿರಬೇಕು ಎಂದರು. ಇದನ್ನು ಬಿಟ್ಟು ಬೇರೆ ಏನೂ ಕೊಡಬೇಡಿ ಎಂದೂ ಹೇಳಿದರು.

ನಮ್ಮ ಕಡೆ ಕಾಮಾಲೆ ಎಂದರೆ ಮೊದಲು ನೆನಪಾಗುವುದು ನಾಟಿ ಔಷಧ. ಚನ್ನಗಿರಿ ಕಡೆಯ ಒಂದು ಹಳ್ಳಿಯಲ್ಲಿ ಅದನ್ನು ಕೊಡುವವರಿದ್ದರು. ನಮ್ಮತ್ತೆಯ ಅಣ್ಣನಿಗೆ ಹಿಂದೆ ಅಲ್ಲಿಯೇ ಗುಣವಾಗಿತ್ತು. ಅತ್ತೆ ಮಾರನೇ ದಿನವೇ ಬಸ್ಸು ಹತ್ತಿ, ತೆಂಗಿನಕಾಯಿ ವೀಳ್ಯದೆಲೆ ಇಟ್ಟು ಕೈ ಮುಗಿದು, ಕಡು ಹಸಿರು ಮುದ್ದೆಯನ್ನು ಸೀಸೆಯಲ್ಲಿ ತಂದರು. ಏಳು ದಿನ, ಬರೀ ಹೊಟ್ಟೆಗೆ, ಹಾಲಿನಲ್ಲಿ. ಉಪ್ಪು ಎಣ್ಣೆ ಕೂಡದು. ಎಲ್ಲಕ್ಕಿಂತ ಮುಖ್ಯ, ಮದ್ದು ಕೊಟ್ಟ ಸುದ್ದಿಯನ್ನು ಹೊರಗೆ ಆಡಬಾರದು, ಆಡಿದರೆ ಮದ್ದು ಸಾಯುತ್ತದೆ, ರೋಗ ತಿರುಗಿ ಬೀಳುತ್ತದೆ. ನಾನು ಸುಮ್ಮನೆ ನಿಂತದ್ದನ್ನು ನೋಡಿ ಅತ್ತೆ ದೇವರ ಕೋಣೆಗೆ ಕರೆದರು.

"ದೀಪ ಮುಟ್ಟಿ ಹೇಳು, ಯಾರ ಮುಂದೂ ಬಾಯಿ ಬಿಡಲ್ಲ ಅಂತ."

ಮುಟ್ಟಿ ಹೇಳಿದೆ. ಬಲವಂತಕ್ಕೆ ಅಲ್ಲ. ಆ ಔಷಧದಿಂದ ಎದ್ದು ಓಡಾಡಿದವರನ್ನು ನಾನೂ ಕಂಡಿದ್ದೆ, ನನಗೂ ನಂಬಿಕೆಯಿತ್ತು. ಡಾಕ್ಟರ ಮಾತ್ರೆಯೂ ನಡೆಯಿತು, ಅದೂ ನಡೆಯಿತು.

ಐದನೇ ದಿನ ಗಂಡನನ್ನು ಎಬ್ಬಿಸುವುದೇ ಕಷ್ಟವಾಯಿತು. ಹಾಸಿಗೆಯಲ್ಲಿ ಕೂತು, ಅಂಗಡಿ ಬಾಗಿಲು ತೆಗೆದೆಯಾ, ಎಂದು ಮೂರು ಸಲ ಕೇಳಿದರು. ನಾಲ್ಕನೇ ಸಲ ನನ್ನನ್ನು ಅಕ್ಕಾ ಎಂದು ಕರೆದರು. ಮಗಳನ್ನು ಜಗಳೂರಿಗೆ ತವರಿಗೆ ಕಳಿಸಿ, ಅದೇ ಮಧ್ಯಾಹ್ನ ಅವರನ್ನು ಕಾರಿನಲ್ಲಿ ಮಲಗಿಸಿಕೊಂಡು ಶಿವಮೊಗ್ಗದ ಆಸ್ಪತ್ರೆಗೆ ಹೋದೆವು.

ಅಲ್ಲಿ ವಾರ್ಡು ನೋಡುತ್ತಿದ್ದವರು ಉತ್ತರ ಭಾರತದ ಕಡೆಯಿಂದ ಬಂದ ಎಳೇ ವಯಸ್ಸಿನ ಡಾಕ್ಟರಮ್ಮ. ಅವರಿಗೆ ನೋವು ಇದೆಯಾ, ಉಸಿರು ತಗೊಳ್ಳಿ, ಇಷ್ಟೇ ಕನ್ನಡ. ಮಿಕ್ಕಿದ್ದನ್ನೆಲ್ಲ ನರ್ಸಮ್ಮ ಕನ್ನಡಕ್ಕೆ ತಿರುಗಿಸಿ ಕೇಳುತ್ತಿದ್ದರು.

"ಬೇರೆ ಏನಾದ್ರೂ ಔಷಧಿ ಕೊಟ್ಟಿದೀರಾ? ಸೊಪ್ಪು, ಬೇರು, ಅಂಥದ್ದು?"

"ಏನೂ ಇಲ್ಲ ಕಣಮ್ಮ, ಬರೀ ಗಂಜಿ," ಎಂದರು ಅತ್ತೆ.

ನರ್ಸಮ್ಮ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಕಣ್ಣ ಮುಂದೆ ದೀಪ ಉರಿಯುತ್ತಿತ್ತು.

ಮಾರನೇ ದಿನವೂ ಕೇಳಿದರು, ಅದೇ ಉತ್ತರ. ಡಾಕ್ಟರಮ್ಮ ರಿಪೋರ್ಟು ಹಿಡಿದು ನರ್ಸಮ್ಮನ ಹತ್ತಿರ ಇಂಗ್ಲಿಷಿನಲ್ಲಿ ಹೇಳಿದರು, ಲಿವರು ದಿನದಿನಕ್ಕೆ ಕೆಡುತ್ತಿದೆ, ಇಷ್ಟು ಬೇಗ ಯಾಕೆ ಕೆಡುತ್ತಿದೆ ಗೊತ್ತಾಗುತ್ತಿಲ್ಲ, ಇವರು ಏನನ್ನೋ ಬಿಟ್ಟು ಹೇಳುತ್ತಿದ್ದಾರೆ. ನಮಗೆ ತಿಳಿಯುವುದಿಲ್ಲ ಎಂದು ನಮ್ಮ ಎದುರಿಗೇ ಹೇಳಿದರು. ನನಗೆ ಪ್ರತಿಯೊಂದು ಮಾತೂ ತಿಳಿಯಿತು. ತಿಳಿಯದೇ ಇದ್ದಿದ್ದರೆ ಆ ದಿನ ಎರಡು ತುತ್ತು ಊಟವಾದರೂ ಇಳಿಯುತ್ತಿತ್ತು.

ಮೂರನೇ ದಿನ ಬೆಳಿಗ್ಗೆ ನಾನು ಫ್ಲಾಸ್ಕಿಗೆ ಬಿಸಿನೀರು ಹಿಡಿದುಕೊಂಡು ಬಂದಾಗ ಅತ್ತೆ ಮಂಚದ ಮೇಲೆ ಬಗ್ಗಿ, ಮಗನ ತಲೆ ಎತ್ತಿ ಹಿಡಿದು, ಚಮಚದಲ್ಲಿ ಹಾಲು ಕುಡಿಸುತ್ತಿದ್ದರು. ಹಾಲು ಹಸಿರಾಗಿತ್ತು.

"ಏನ್ ಅತ್ತೆ ಇದು?"

"ಮೆಲ್ಲಗೆ ಮಾತಾಡು. ಏಳು ದಿವ್ಸ ತುಂಬ್ಬೇಕು. ಅರ್ಧಕ್ಕೆ ಬಿಟ್ರೆ ತಿರುಗಿ ಬೀಳ್ತೈತೆ."

"ಡಾಕ್ಟ್ರಿಗೆ ಒಂದ್ ಮಾತು ಹೇಳಾಣ್ರಿ ಅತ್ತೆ."

"ದೀಪ ಮುಟ್ಟಿದ್ದು ನೆನಪೈತಾ? ನಿನ್ನ ಬಾಯಿಂದ ಆ ಮಾತು ಬಂದ್ರೆ ನನ್ನ ಮಗ ಹೋದ ಅಂತ್ಲೇ ತಿಳ್ಕಾ."

ಚಮಚ ಒರೆಸಿ, ಸೀಸೆಯನ್ನು ಸೆರಗಿನಲ್ಲಿ ಸುತ್ತಿ ಚೀಲದೊಳಗೆ ಇಟ್ಟುಕೊಂಡರು.

ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಹೇಳಿದರೆ ದೇವರ ಮುಂದೆ ಕೊಟ್ಟ ಮಾತು ಮುರಿದು ಗಂಡ ಹೋಗುತ್ತಾರೆ. ಹೇಳದಿದ್ದರೆ ಆ ಹಸಿರು ಹಾಲಿಗೆ ಹೋಗುತ್ತಾರೆ. ಎರಡು ಕಡೆಯಿಂದಲೂ ತಾಳಿಗೇ ಕೈ. ಡಾಕ್ಟರಮ್ಮ ಬರುವುದು ಒಂಬತ್ತು ಗಂಟೆಗೆ. ಅತ್ತೆಗೆ ಗೊತ್ತಾಗದಂತೆ ಯಾರನ್ನಾದರೂ ಕರೆದು ಹೇಳೋಣವೆಂದರೆ ದನಿಯೇ ಬರಲೊಲ್ಲದು. ದೇವರೇ, ನನಗೆ ಬಾಯಿ ಕೊಡು, ಎಂದು ಬೇಡಿಕೊಂಡೆ. ಬಾಯಿ ಬರಲಿಲ್ಲ. ಕೈ ಇದೆಯಲ್ಲ ಎಂದು ಹೊಳೆಯಿತು.

ನರ್ಸಮ್ಮನ ಮೇಜಿನಿಂದ ಒಂದು ಹಾಳೆ, ಒಂದು ಪೆನ್ನು ಕೇಳಿ ತಂದೆ. ಬರೆಯಲು ಕೂತರೆ ಮೊದಲು ಬಂದದ್ದು ಬಾಯಿಪಾಠದ ರಜಾ ಅರ್ಜಿಯೇ, ಮಾನ್ಯರೇ ಎಂದು ಶುರು. ಅದನ್ನು ಹೊಡೆದು ಹಾಕಿದೆ. ಮೊದಲು ಆದದ್ದು ಏನು ಎಂದು ಯೋಚಿಸಿದೆ. ಒಂದು ಸಾಲು ಬಂತು, ಅದರ ಹಿಂದೆ ಇನ್ನೊಂದು. ಕಾಗುಣಿತ ಎಷ್ಟು ತಪ್ಪಿತ್ತೋ, ದೇವರಿಗೇ ಗೊತ್ತು. ಬರೆದದ್ದು ಇದು.

ನನ್ನ ಗಂಡನ ಕಣ್ಣು ಹಳದಿ ಆಯಿತು. ಹೊನ್ನಾಳಿ ಡಾಕ್ಟರು ಮಾತ್ರೆ ಕೊಟ್ಟರು. ನಾವು ಆ ಮಾತ್ರೆ ಕೊಟ್ಟೆವು. ಅದರ ಜೊತೆ ಒಂದು ಹಸಿರು ಔಷಧಿಯನ್ನೂ ಕೊಟ್ಟೆವು. ಅದು ಸೊಪ್ಪಿನ ಔಷಧಿ, ಯಾವ ಸೊಪ್ಪು ಎಂದು ನಮಗೆ ಗೊತ್ತಿಲ್ಲ. ಮನೆಯಲ್ಲಿ ಐದು ದಿನ ಬೆಳಿಗ್ಗೆ ಹಾಲಿನಲ್ಲಿ ಕೊಟ್ಟೆವು. ಇವತ್ತು ಬೆಳಿಗ್ಗೆ ಇಲ್ಲಿಯೂ ಕೊಟ್ಟಿದ್ದನ್ನು ನಾನು ನೋಡಿದೆ. ಸೀಸೆ ನನ್ನ ಅತ್ತೆಯ ಚೀಲದಲ್ಲಿದೆ. ಅವರು ಕೊಟ್ಟಿದ್ದು ಮಗನ ಮೇಲಿನ ಪ್ರೀತಿಗೆ, ದಯವಿಟ್ಟು ಅವರನ್ನು ಬೈಯಬೇಡಿ.

ಬಾಯಿಂದ ಹೇಳಲಿಲ್ಲ, ಆದ್ದರಿಂದ ಮಾತು ಮುರಿಯಲಿಲ್ಲ, ಎಂದು ನಾನು ಇವತ್ತಿಗೂ ದೇವರ ಮುಂದೆ ವಾದ ಮಾಡುವುದಿಲ್ಲ. ಮುರಿದೆ. ಮುರಿಯುತ್ತಿದ್ದೇನೆ ಎಂದು ತಿಳಿದೇ ಮುರಿದೆ.

ಡಾಕ್ಟರಮ್ಮ ಬಂದಾಗ ಮಂಚದ ಈ ಕಡೆ ನಾನು, ಆ ಕಡೆ ಅತ್ತೆ. ಕಾಗದ ಚಾಚಿದೆ. ಅವರು ನಿಂತಲ್ಲೇ ಒಮ್ಮೆ ಓದಿದರು, ಇನ್ನೊಮ್ಮೆ ಓದಿದರು. ಅತ್ತೆಯ ಕಡೆ ತಿರುಗಲಿಲ್ಲ, ಆ ಪುಣ್ಯಾತ್ಗಿತ್ತಿ. ನನ್ನನ್ನೇ ನೋಡಿ, ಆ ಸೀಸೆ ತೋರಿಸುತ್ತೀರಾ, ಎಂದು ಇಂಗ್ಲಿಷಿನಲ್ಲಿ ನಿಧಾನವಾಗಿ ಕೇಳಿದರು.

"ಯೆಸ್ ಡಾಕ್ಟರ್," ಎಂದೆ. ಬೇರೆಯವರ ದನಿಯಂತೆ ಕೇಳಿಸಿತು.

"ಏನು ಬರ್ಕೊಟ್ಟೆ ಅವ್ರಿಗೆ?" ಎಂದರು ಅತ್ತೆ. ಎರಡೂ ಕೈಯಲ್ಲಿ ಚೀಲ ಅವುಚಿಕೊಂಡಿದ್ದರು.

"ಚೀಲ ಕೊಡ್ರಿ ಅತ್ತೆ."

ಕೊಡಲಿಲ್ಲ. ಅವರ ಬೆರಳನ್ನು ಒಂದೊಂದಾಗಿ ಬಿಡಿಸಿದೆ. ಅತ್ತೆಯ ಮೈಮೇಲೆ ನಾನು ಕೈ ಹಾಕಿದ್ದು ಅದೊಂದೇ ಸಲ. ಡಾಕ್ಟರಮ್ಮ ಸೀಸೆಯನ್ನು ಮೂಸಿ ನೋಡಿ, ನರ್ಸಮ್ಮನ ಕೈಗೆ ಕೊಟ್ಟು, ಡ್ರಿಪ್ಪಿನ ಬಾಟಲಿ ಬದಲಾಯಿಸಲು ಹೇಳಿದರು. ನೀವು ತಿಳಿಸಿದ್ದು ಒಳ್ಳೆಯದಾಯಿತು, ಆದರೆ ಉಳಿಯುತ್ತಾರೆ ಎಂದು ನಾನು ಈಗಲೇ ಹೇಳಲಾರೆ, ಎಂದರು ನನಗೆ.

ಆಮೇಲಿನ ಎರಡು ದಿನ ಅತ್ತೆ ನನ್ನೊಡನೆ ಮಾತಾಡಲಿಲ್ಲ. ನಾನು ಕೊಟ್ಟ ತಟ್ಟೆ ಮುಟ್ಟಲಿಲ್ಲ. ವಾರ್ಡಿನ ಹೊರಗಿನ ಬೆಂಚಿನ ತುದಿಯಲ್ಲಿ ಗೋಡೆಗೆ ಮುಖ ಮಾಡಿ ಕೂತರು. ಖಾಕಿ ಹಾಕಿದ ವಾಚ್‌ಮನ್ ಆ ಕಡೆ ಬಂದಾಗೆಲ್ಲ ಸೆರಗು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದರು. ಸಿಟ್ಟು ಎಂದುಕೊಂಡೆ. ನನ್ನ ತಲೆಯಲ್ಲಿ ನನ್ನದೇ ಹೆದರಿಕೆ ತುಂಬಿತ್ತು, ಅವರದನ್ನು ನೋಡಲು ಜಾಗವಿರಲಿಲ್ಲ. ಗಂಡನ ಮಂಚದ ಪಕ್ಕ ನಿಂತು ಅವರ ಎದೆ ಏರಿ ಇಳಿಯುವುದನ್ನು ನೋಡುವುದೇ ನನ್ನ ಕೆಲಸ. ಬೆಳಿಗ್ಗೆ ಕಣ್ಣು ಬಿಟ್ಟರು, ದೇವರ ದಯೆ. ಎರಡು ಚಮಚ ನೀರು ಕುಡಿದರು, ದೇವರ ದಯೆ. ಸಂಜೆ ಮತ್ತೆ ಅಕ್ಕಾ ಎಂದು ಕರೆದರು, ಮಾತು ಮುರಿದದ್ದಕ್ಕೆ ಇದು ಬಂತು ಎಂದು ಗೋಡೆ ಹಿಡಿದು ನಿಂತೆ.

ಓದುವವರಿಗೆ ಯಾಕೆ ಸುಮ್ಮನೆ ಹೆದರಿಕೆ, ಇಲ್ಲೇ ಹೇಳುತ್ತೇನೆ. ಅವರು ಉಳಿದರು. ಇಪ್ಪತ್ತು ದಿನದ ಮೇಲೆ ಮನೆಗೆ ಬಂದರು, ಈಗ ದಿನಾ ಅಂಗಡಿಗೆ ಹೋಗುತ್ತಾರೆ. ಆದರೆ ಅದು ಆಗ ನಮಗೆ ಗೊತ್ತಿರಲಿಲ್ಲ.

ಮೂರನೇ ದಿನ ಮಧ್ಯಾಹ್ನ ನಾನು ಬೆಂಚಿನ ಮೇಲೆ ಗಂಜಿಯ ಡಬ್ಬಿ ಇಟ್ಟೆ. ಅತ್ತೆ ಗೋಡೆ ನೋಡಿಕೊಂಡೇ ಕೇಳಿದರು.

"ಆ ಚೀಟಿ ಎಲ್ಲೈತೆ ಈಗ?"

"ಫೈಲಿನಾಗೈತೆ ಅತ್ತೆ."

"ಪೊಲೀಸ್ರು ಯಾವಾಗ ಬರ್ತಾರೆ?"

ನನಗೆ ಅರ್ಥವಾಗಲಿಲ್ಲ. "ಯಾವ ಪೊಲೀಸ್ರು?"

"ನನ್ನ ಮೇಲೆ ಬರ್ಕೊಟ್ಟೀಯಲ್ಲ. ಮಗನಿಗೆ ವಿಷ ಹಾಕಿದ್ಲು ಅಂತ. ನೀನೇನೋ ಬರ್ದೆ, ಅವಳೇನೋ ಓದಿದ್ಲು. ನಿಮ್ಮಿಬ್ರಿಗೂ ಗೊತ್ತು. ನಂಗೆ ಕನ್ನಡಾನೇ ಓದಾಕೆ ಬರಲ್ಲ."

ಎರಡು ದಿನದಿಂದ ಅವರು ಉಣ್ಣದೆ ಕೂತದ್ದು ಸಿಟ್ಟಿಗಲ್ಲ. ತನ್ನನ್ನು ಹಿಡಿದುಕೊಂಡು ಹೋಗುತ್ತಾರೆ ಎಂದು, ಮಗನ ಮುಖ ಇನ್ನು ನೋಡಲು ಬಿಡುವುದಿಲ್ಲ ಎಂದು. ಡಾಕ್ಟರಿಗೆ ತಿಳಿಸುವ ಆತುರದಲ್ಲಿ, ಪಕ್ಕದಲ್ಲೇ ಕೂತಿದ್ದ ಹೆಂಗಸಿಗೆ ನಾನು ಒಂದು ಮಾತೂ ತಿಳಿಸಿರಲಿಲ್ಲ.

ಬೆಂಚಿನ ಮೇಲೆ ಅವರ ಪಕ್ಕ ಕೂತು, ಬರೆದದ್ದನ್ನೆಲ್ಲ ಒಂದೊಂದೇ ಸಾಲಾಗಿ ಕನ್ನಡದಲ್ಲಿ ಹೇಳಿದೆ. ಒಂದನ್ನೂ ಬಿಡಲಿಲ್ಲ, ಒಂದನ್ನೂ ಸೇರಿಸಲಿಲ್ಲ. ಸೀಸೆಯ ಸಾಲು ಬಂದಾಗ ಅವರು ತುಟಿ ಕಚ್ಚಿದರು.

"ಕಡೇದು ಇನ್ನೊಂದ್ ಸಾರಿ ಹೇಳು."

"ಅವರು ಕೊಟ್ಟಿದ್ದು ಮಗನ ಮೇಲಿನ ಪ್ರೀತಿಗೆ, ಅವರನ್ನ ಬೈಬ್ಯಾಡ್ರಿ ಅಂತ."

"ಹಂಗಂತ ಬರ್ದೀಯಾ?"

"ಹೂಂನ್ರಿ ಅತ್ತೆ."

ಅತ್ತೆ ಗಂಜಿಯ ಡಬ್ಬಿಯ ಮುಚ್ಚಳ ತೆಗೆದು, ಮತ್ತೆ ಮುಚ್ಚಿದರು.

"ನೀನು ಬರ್ದಿದ್ದು ಸರಿ ಇಲ್ಲ," ಎಂದರು ಆಮೇಲೆ, ನೆಲ ನೋಡುತ್ತ. "ಬೆಳಿಗ್ಗೆ ಒಂದ್ ಹೊತ್ತು ಅಂತ ಬರ್ದೀಯ. ಔಷಧಿ ಕೊಟ್ಟೋನು ಹೇಳಿದ್ದೂ ಒಂದೇ ಹೊತ್ತು. ನಾನು ಸಂಜಿಗೂ ಕೊಟ್ಟೆ. ಜಲ್ದಿ ಎದ್ದೇಳ್ಲಿ ಅಂತ. ಮನ್ಯಾಗೆ ಇದ್ದಷ್ಟು ದಿವ್ಸಾನೂ. ಇಲ್ಲಿ ಬಂದ ಮ್ಯಾಲೂ, ನೀನು ನೀರಿಗೆ ಹೋದಾಗ. ಅದನ್ನೂ ಬರಿ."

ನಾನು ಬರೆದದ್ದು ಪೂರ್ತಿ ನಿಜ ಎಂದು ಎರಡು ದಿನದಿಂದ ನಂಬಿದ್ದೆ. ಅದರಲ್ಲಿ ಅರ್ಧವೇ ಇತ್ತು. ಮಿಕ್ಕ ಅರ್ಧ ಅವರ ಹೊಟ್ಟೆಯಲ್ಲಿತ್ತು, ಹೆದರಿಕೆಯ ಅಡಿಯಲ್ಲಿ.

ನರ್ಸಮ್ಮನ ಮೇಜಿಗೆ ಹೋಗಿ ಇನ್ನೊಂದು ಹಾಳೆ ಕೇಳಿದೆ. ಅತ್ತೆ ಹಿಂದೆಯೇ ಬಂದರು. "ನಾನೇ ಹೇಳ್ದೆ ಅಂತ ಬರಿ," ಎಂದರು. ಹಾಗೆಯೇ ಬರೆದೆ. ಡಾಕ್ಟರಮ್ಮನನ್ನು ಹುಡುಕಿಕೊಂಡು ಇಬ್ಬರೂ ಹೋದೆವು. ಓದಿದ ಅವರು ಹುಬ್ಬು ಗಂಟಿಕ್ಕಿ, ಒಂದು ಸಲಕ್ಕೆ ಎಷ್ಟು, ಎಂದು ಕೇಳಿದರು. ನಾನು ಕನ್ನಡದಲ್ಲಿ ಅತ್ತೆಯನ್ನು ಕೇಳಿದೆ. ಅತ್ತೆ ಅಂಗೈ ಚಾಚಿ, ಹೆಬ್ಬೆರಳಿನಿಂದ ಒಂದು ಗುಂಡು ಗೆರೆ ಎಳೆದು ತೋರಿಸಿದರು, ಅಡಿಕೆಯಷ್ಟು. ಅದನ್ನು ಬರೆಯೋಣವೆಂದರೆ ಹಾಳೆ ಡಾಕ್ಟರಮ್ಮನ ಕೈಯಲ್ಲಿತ್ತು, ಇದ್ದ ನಾಲ್ಕು ಇಂಗ್ಲಿಷು ಮಾತನ್ನು ಬಾಯಲ್ಲೇ ಹೇಳಿದೆ. ತಡವರಿಸಿದೆ, ಮತ್ತೆ ಹೇಳಿದೆ. ಡಾಕ್ಟರಮ್ಮ ಫೈಲು ತೆಗೆದು ಬರೆದುಕೊಳ್ಳತೊಡಗಿದರು.

ಅತ್ತೆ ನನ್ನ ಮೊಣಕೈ ಹಿಡಿದು, ಕತ್ತು ಉದ್ದ ಮಾಡಿ, ಓದಲು ಬಾರದ ಆ ಹಾಳೆಯನ್ನೇ ನೋಡುತ್ತಿದ್ದರು.

"ಸರಿಯಾಗಿ ಬರ್ಕೊಂಡ್ರಾ ನೋಡು," ಎಂದರು.